ಉಪ್ಪಿನ ಡಬ್ಬಿಗೂ ಒಂದು ಅರ್ಜಿ

ಉಪ್ಪಿನ ಡಬ್ಬಿಯನ್ನು ಒಂದು ಗೇಣು ಸರಿಸಲೂ ಗಂಡನಿಗೆ ಅರ್ಜಿ ಬರೆದುಕೊಡಬೇಕಾದ ಹೆಂಗಸು ಇಡೀ ಮಿಯಾಪುರದಲ್ಲಿ ನಾನೊಬ್ಬಳೇ ಇದ್ದೆನೇನೋ. ಎಲ್ಲವೂ ಎಂದಿನಂತಿದ್ದ ಆ ಕೊನೆಯ ದಿನವೂ ಒಂದು ಅರ್ಜಿ ಕೊಟ್ಟಿದ್ದೆ. ನಮ್ಮ ಮನೆಯವರು ಊಟಕ್ಕೆ ಕೂತಾಗ ಅದನ್ನು ವಾಪಸ್ ಮಾಡಿದರು.

"ಮೇಜು ಸರಿಸೂದು ಬ್ಯಾರೆ, ಪರದೆ ಬದಲಿಸೂದು ಬ್ಯಾರೆ. ಎರಡನ್ನೂ ಒಂದೇ ಚೀಟ್ಯಾಗ ಯಾಕ ತುರುಕೀದಿ?"

"ಒಂದೇ ಖೋಲಿ ಅಲ್ಲೇನ್ರಿ?"

"ನಾಳೆ ಏನರ ಕೆಟ್ರ, ಯಾವುದರಿಂದ ಕೆಟ್ಟಿತು ಅಂತ ಹೆಂಗ ಹುಡುಕಲಿ? ಮತ್ತ ಮೇಜಿಗೆ 'ಜಾಗ ಸಾಲದು' ಅಂತ ಬರದೀಯಲ್ಲ, ಅದು ಖರೆ ಕಾರಣ ಅಲ್ಲ."

ಇದು ಅವರ ಕೆಲಸದಿಂದ ಮನೆಗೆ ಅಂಟಿದ ಜಾಡ್ಯ. ಕಂಪ್ಯೂಟರಿನ ಎಲ್ಲ ಕೆಲಸದ ತಳದಲ್ಲಿ ಕರ್ನೆಲ್ ಎಂಬುದೊಂದು ಇರುತ್ತದಂತೆ. ಇವರದು ಎಲ್ಲರಿಗೂ ತೆರೆದಿಟ್ಟ ಕರ್ನೆಲ್. ಯಾವ ದೇಶದವರೂ ಓದಬಹುದು, ತಿದ್ದಿ ಕಳಿಸಬಹುದು. ಅದರಲ್ಲಿ ಹಳೆಯ ಪ್ರಿಂಟರುಗಳನ್ನು ನಡೆಸುವ ಒಂದು ಚಿಕ್ಕ ಭಾಗ ಇವರ ಉಸ್ತುವಾರಿಯಲ್ಲಿತ್ತು. ತಿದ್ದುಪಡಿಗಳು ಒಂದೊಂದಾಗಿ ಬರಬೇಕು, ಪ್ರತಿಯೊಂದಕ್ಕೂ ಕಾರಣ ಬರೆದಿರಬೇಕು, ಕೊನೆಗೆ ಇವರ ಸಹಿ ಬೀಳಬೇಕು. ಸಂಬಳವೇ? ಅದೊಂದನ್ನು ಕೇಳಬೇಡಿ.

ಒಮ್ಮೆ ಪರದೇಶದ ಎಂಜಿನಿಯರೊಬ್ಬ, ಆ ಪ್ರಿಂಟರುಗಳನ್ನು ಯಾರೂ ಬಳಸುವುದಿಲ್ಲ, ಭಾಗವನ್ನೇ ಕಿತ್ತುಹಾಕೋಣ ಎಂದು ಬರೆದ. ಇವರು ಮೂರು ವಾರ ಊರೂರಿಗೆ ಪತ್ರ ಬರೆದು, ಯಾವುದೋ ದ್ವೀಪದ ಶಾಲೆಯಲ್ಲಿ ಅಂಥದೊಂದು ಪ್ರಿಂಟರು ಇನ್ನೂ ಪ್ರಶ್ನೆಪತ್ರಿಕೆ ಅಚ್ಚು ಹಾಕುತ್ತಿರುವುದನ್ನು ಪತ್ತೆ ಹಚ್ಚಿದರು. ಭಾಗ ಉಳಿಯಿತು. ಮಗಳ ಮದುವೆ ಗೊತ್ತಾದ ದಿನವೂ ಅವರ ಮುಖ ಅಷ್ಟು ಅರಳಿರಲಿಲ್ಲ. "ಒಬ್ಬರು ಬಳಸಾಕತ್ತಿದ್ರೂ ಕೀಳಬಾರದು" ಎಂದು ನನಗೂ ಬುದ್ಧಿ ಹೇಳಿದರು. ನಾನು ಕೀಳುತ್ತಿದ್ದದ್ದು ಕುಂಡದ ಮೆಂತ್ಯ ಸೊಪ್ಪು.

ನಮ್ಮ ಅಡುಗೆಮನೆಯ ಸ್ವಿಚ್ಚು ತಲೆಕೆಳಗಾಗಿ ಕೂತಿದೆ. ಕರೆಂಟಿನ ಕೆಲಸದವನು ಸರಿಮಾಡಲು ಹೋದರೆ ಇವರು ತಡೆದರು. ಇವಳ ಕೈಗೆ ಹೀಗೇ ರೂಢಿಯಾಗಿದೆ, ನೀನು ಸರಿಮಾಡಿದರೆ ಇವಳ ಪಾಲಿಗೆ ಕೆಡುತ್ತದೆ ಎಂದು ಹಿಂದಿಯಲ್ಲಿ ಪಾಠ ಹೇಳಿದರು. ಅವನು ನನ್ನತ್ತ ತಿರುಗಿ ಮೆಲ್ಲಗೆ, "ಸಾಬ್ ಕೀ ತಬಿಯತ್ ಠೀಕ್ ಹೈ ನಾ, ಅಮ್ಮಾ?" ಎಂದು ಸಾಹೇಬರ ಆರೋಗ್ಯ ವಿಚಾರಿಸಿದ. ನಾನು ನಕ್ಕೆ. ಆದರೆ ನನ್ನ ಕೈಗೆ ಏನು ರೂಢಿ ಎಂದು ನೋಡಿ ಇಟ್ಟುಕೊಂಡವರು ಲೋಕದಲ್ಲಿ ಇನ್ಯಾರಿದ್ದರು?

ಅರ್ಜಿ ವಾಪಸ್ ಬಂದ ಆ ದಿನ ಸಂಜೆ ಎರಡು ಚೀಟಿ ಬರೆಯಲು ಕೂತೆ. ಪರದೆಯದು ಸುಲಭ: ಹರಿದಿದೆ. ನಿಂತಲ್ಲೇ ಸಹಿ ಹಾಕಿ, "ಐತವಾರ ಸುಲ್ತಾನ್ ಬಜಾರಿಗೆ ಹೋಗೂಣು" ಎಂದರು. ಮೇಜಿನ ಚೀಟಿ ಮುಗಿಯಲಿಲ್ಲ. ಹತ್ತನೆಯ ತರಗತಿಯವರೆಗೆ ಓದಿದವಳು ನಾನು, ಖರೆ ಕಾರಣ ಬರೆಯುವುದು ಅಷ್ಟು ಬೇಗ ಬರುವುದಿಲ್ಲ. ಮರುದಿನ ಬೆಳಿಗ್ಗೆ ಅವರು ವಾಕಿಂಗಿಗೆ ಹೋದ ಮೇಲೆ ಬರೆದೆ: ಒಳಖೋಲಿಯ ನಿಮ್ಮ ಮೇಜು ಪಡಸಾಲೆಗೆ ಬರಬೇಕು. ಅಡುಗೆ ಮಾಡುವಾಗ ನನಗೆ ನೀವು ಕಾಣಬೇಕು. ಅವರ ಕೀಬೋರ್ಡಿನ ಮೇಲಿಟ್ಟೆ.

ವಾಕಿಂಗಿಗೆ ಹೋದವರು ಮನೆಗೆ ಬರಲಿಲ್ಲ. ಹಾದಿಯಲ್ಲೇ ಎದೆನೋವು ಬಂದು ಹೋಗಿಬಿಟ್ಟರು.

ಪ್ರಿಂಟರುಗಳ ಭಾಗವನ್ನು ಈಗ ನೋಡಿಕೊಳ್ಳುತ್ತಿರುವವನು ಅದನ್ನು ಕೀಳಲು ಹೊರಟಿದ್ದ ಅದೇ ಎಂಜಿನಿಯರು. ಅವನೇ ಪತ್ರ ಬರೆದು ತಿಳಿಸಿದ.

ಮೇಜು ಒಳಖೋಲಿಯಲ್ಲೇ ಇದೆ. "ಸರಿಸಿಬಿಡವಾ, ಯಾರು ಬ್ಯಾಡಂತಾರ?" ಎನ್ನುತ್ತಾಳೆ ಮಗಳು. ಹೇಗೆ ಸರಿಸಲಿ? ಚೀಟಿಯಲ್ಲಿ ಕಾರಣ ಇದೆ. ಸಹಿ ಇಲ್ಲ.