ಕೆಂಪು ತ್ರಿಕೋನದ ಜೀಪು

ನಾನು ಮೊದಲ ಸಲ ಮನೆ ಬಿಟ್ಟದ್ದು ನಾಗರಪಂಚಮಿಯ ಮರುದಿನ. ಐದನೇ ಕ್ಲಾಸಿಗೆ ಶರಣು ಹೊಡೆದು, ಬಂಡ್ರಿಯಿಂದ ಅದಿರಿನ ಲಾರಿ ಹತ್ತಿದೆ. ಆಮೇಲೆ ಊರು ಬದಲಾದವು, ಕೆಲಸ ಬದಲಾದವು. ನಗೆಪಾಟಲು ಮಾತ್ರ ಎಲ್ಲಿ ಹೋದರೂ ನನಗಿಂತ ಮೊದಲೇ ಹೋಗಿ ಕೂತಿರುತ್ತದೆ.

ಹೊಸಪೇಟೆಯಲ್ಲಿ ಒಬ್ಬ ಕಬ್ಬಿನ ಸಾಹುಕಾರರ ಮನೆಗೆ ಡ್ರೈವರ್ ಆದೆ. ಅವರ ಮಗನಿಗೆ ಕಿವಿ ಕೇಳುತ್ತಿರಲಿಲ್ಲ, ಯಾವ ಶಾಲೆಯೂ ಸೇರಿಸಿಕೊಂಡಿರಲಿಲ್ಲ. ಆ ಸಂಕಟಕ್ಕೆ ಮನೆಮಂದಿಯೆಲ್ಲ ಕೂಡಿ, ಇಂಥ ಮಕ್ಕಳು ಊರ ಮಕ್ಕಳ ಜೊತೆಗೇ ಕಲಿಯಬೇಕೆಂದು ಹಳ್ಳಿಹಳ್ಳಿ ತಿರುಗುತ್ತಿದ್ದರು.

ಊರು ಖಾಲಿ

ಜೀಪು ಸರ್ಕಾರಿ ಹರಾಜಿನದು. ಕುಟುಂಬ ಯೋಜನೆಯ ಕೆಂಪು ತ್ರಿಕೋನದ ಮೇಲೆ ಎಷ್ಟು ಬಣ್ಣ ಬಳಿದರೂ ಅದು ಇಣುಕುತ್ತಿತ್ತು. ಪಾಪಿನಾಯಕನಹಳ್ಳಿಗೆ ಹೋದ ದಿನ "ಆಪರೇಷನ್ ಜೀಪು ಬಂತಲೇ!" ಎಂದು ಯಾರೋ ಕೂಗಿದ್ದೇ ತಡ, ಹಿಡಿದೊಯ್ದು ಸಂತಾನಹರಣ ಮಾಡಿಸುತ್ತಾರೆಂಬ ಭಯಕ್ಕೆ ಗಂಡಸರೆಲ್ಲ ಕಬ್ಬಿನ ಗದ್ದೆಯಲ್ಲಿ ಮಾಯ. ಕಟ್ಟೆಯ ಮೇಲೆ ಉಳಿದವಳು ಒಬ್ಬಳೇ, ಪೋಲಿಯೋದಿಂದ ಕಾಲು ಬತ್ತಿದ ಹುಡುಗಿ.

"ನೀ ಯಾಕ ಓಡ್ಲಿಲ್ಲವ್ವ?" ಎಂದರು ಸಾಹುಕಾರರ ಹೆಂಡತಿ.

"ನನ್ನ ಯಾರು ಹೊತ್ಕೊಂಡು ಓಡ್ತಾರ್ರಿ? ಕುಂದ್ರಿ, ಅವ್ರು ಜಲ್ದಿ ಬರಂಗಿಲ್ಲ."

ನಾನು ಗದ್ದೆಯ ಬದುವಿನಲ್ಲಿ ನಿಂತು ಅವಳ ಅಪ್ಪನಿಗೆ ಕೂಗಿದೆ: "ಯಪ್ಪಾ, ಸಾಲಿಗೆ ಸೇರ್ಸಾಕ ಬಂದೀವಿ, ಹೊರಗ ಬರ್ರಿ!"

ಕಬ್ಬಿನೊಳಗಿಂದ ಉತ್ತರ ಬಂತು: "ಈ ವಯಸ್ಸಿನ್ಯಾಗ ನನಗ ಸಾಲಿ ಬ್ಯಾಡ್ರೀ!"

ಬಿಸ್ಕತ್ತಿನ ಮರ್ಯಾದೆ

ಅಂತೂ ಅಪ್ಪ ಒಪ್ಪಿದ. ಊರಾಚೆಯ ಶಾಲೆಯ ಹೆಡ್‌ಮಾಸ್ತರು ಒಳ್ಳೆಯವರು, ಆದರೆ ಪುಕ್ಕಲು. "ಒಂದು ತಿಂಗಳು ನೋಡೋಣು. ಹೊಂದ್ಕೊಳ್ಳಲಿಲ್ಲಂದ್ರ ವಾಪಸ್ ಒಯ್ರಿ" ಎಂದರು. ದಿನಾ ಅವಳನ್ನು ಕರೆತಂದು, ಶಾಲೆ ಬಿಡುವತನಕ ಕಾಯುವುದು ನನ್ನ ಕೆಲಸ.

ಮಾಸ್ತರು ಅವಳನ್ನು ತಮ್ಮ ಮೇಜಿನ ಪಕ್ಕ ಕೂಡಿಸಿ ಬಿಸ್ಕತ್ತು ಕೊಟ್ಟರು. ಮಗ್ಗಿ ಕೇಳಲಿಲ್ಲ, ಬೈಯಲಿಲ್ಲ. ಮಾಸ್ತರ ಪಕ್ಕ ಕೂತವರ ಹತ್ತಿರ ಯಾವ ಮಗು ಸುಳಿದೀತು? ಮಧ್ಯಾಹ್ನ ಅವಳು ನನ್ನ ಜೀಪಿನಲ್ಲೇ ರೊಟ್ಟಿ ತಿನ್ನುತ್ತಿದ್ದಳು. ತಿನ್ನಲು ಜೊತೆಯೊಂದು ಸಿಕ್ಕಿತೆಂದು ನಾನೂ ಉಪ್ಪಿನಕಾಯಿ ತರತೊಡಗಿದೆ.

"ಮಾಮ, ನಿನಗೂ ಗೆಳ್ಯಾರಿಲ್ಲೇನು?"

"ಇಲ್ಲವ್ವ."

"ನೀನೂ ಮಾಸ್ತರ ಬಾಜೂಕ ಕುಂತಿದ್ದೇನು?"

ಬಂಡಿ ಬಾಡಿಗೆ

ತಿಂಗಳು ಮುಗಿಯಲು ಬಂದಿತ್ತು. ಒಂದು ಮಧ್ಯಾಹ್ನ ನನಗೆ ಜೀಪಿನಲ್ಲಿ ಜೊಂಪು ಹತ್ತಿತ್ತು. ಮಾಸ್ತರು ಚಾ ಕುಡಿದು ಬಂದರೆ ಕ್ಲಾಸು ಖಾಲಿ. ಸಾಹುಕಾರರು ಅವಳಿಗೆ ಕೊಟ್ಟ ಮೂರುಗಾಲಿಯ ಬಂಡಿಯೂ ಇಲ್ಲ, ಅವಳೂ ಇಲ್ಲ. ಕಾಲುವೆ ತುಂಬಿ ಹರಿಯುತ್ತಿತ್ತು. ಮಾಸ್ತರು ಬರಿಗಾಲಲ್ಲಿ ಓಡಿದರು, ಹಿಂದೆ ನಾನು.

ಏರಿಯ ಮೇಲೆ ಮೆರವಣಿಗೆ ಬರುತ್ತಿತ್ತು. ಕದ್ದ ಕಬ್ಬು ಹೇರಲು ಹುಡುಗರಿಗೆ ಬಂಡಿ ಬೇಕಾಗಿತ್ತಂತೆ. "ಬಂಡಿ ಬೇಕಂದ್ರ ನಾನೂ ಬರ್ತೀನಿ" ಎಂದಿದ್ದಳಂತೆ ಇವಳು. ನಮ್ಮನ್ನು ಕಂಡು ಎಲ್ಲರೂ ಓಟ ಕಿತ್ತರು. ಬಂಡಿಯನ್ನು ಮಾತ್ರ ಬಿಡಲಿಲ್ಲ. ಮಡಿಲ ತುಂಬ ಕಬ್ಬು ತುಂಬಿಕೊಂಡು ಅವಳು ಕೂಗುತ್ತಿದ್ದಳು: "ತಳ್ರಲೇ ಜಲ್ದಿ, ಮಾಸ್ತರ್ ಬಂದ್ರು!"

ಎಲ್ಲರಿಗೂ ಬಸ್ಕಿ ಶಿಕ್ಷೆ. ಅವಳಿಗೆ ಮಾತ್ರ, "ನೀ ಕುಂದ್ರವ್ವ."

ಅವಳು ಗೊಳೋ ಎಂದು ಅತ್ತಳು. "ನಾನೂ ಕದ್ದೀನ್ರಿ! ನನಗ್ಯಾಕ ಶಿಕ್ಷಾ ಇಲ್ಲ?"

ಮಾಸ್ತರು ಅವಳ ಮಡಿಲಿನ ಕಬ್ಬನ್ನೂ ಎತ್ತಿ ಮೇಜಿನ ಮೇಲಿಟ್ಟರು. ಆಮೇಲೆ, "ಕಿವಿ ಹಿಡ್ಕೊಂಡು ಇವ್ರ ಬಸ್ಕಿ ಎಣಸು, ಐವತ್ತರ ತನಕ" ಎಂದರು. ಇಷ್ಟು ದಿನ ಅವಳನ್ನು ಲೆಕ್ಕ ಕೇಳಿದವರಾರು? ಹತ್ತೊಂಬತ್ತು ಆದ ಮೇಲೆ ಅವಳು ಪ್ರತಿಸಲ ಹತ್ತಕ್ಕೇ ಮರಳುತ್ತಿದ್ದಳು. "ಇಪ್ಪತ್ತಲೇ, ಇಪ್ಪತ್ತು!" ಎಂದು ಇಡೀ ಕ್ಲಾಸು ಏದುಸಿರಿನಲ್ಲಿ ಅವಳಿಗೆ ಪಾಠ ಹೇಳಿತು.

ಸಂಜೆ ಮಾಸ್ತರು ಸಾಹುಕಾರರ ಹೆಂಡತಿಗೆ ಹೇಳಿದರು: "ವಾಪಸ್ ಒಯ್ಯೋ ಮಾತಿಲ್ರಿ. ಕಳ್ಳರೊಳಗ ಕಳ್ಳಿ ಇಕಿ. ನಾಳಿಂದ ಅವ್ರ ನಡುವ ಕುಂದರ್ಲಿ."

ಮರುದಿನದಿಂದ ಹುಡುಗರೇ ಅವಳನ್ನು ಮನೆಯಿಂದ ತಳ್ಳಿಕೊಂಡು ಬಂದರು. ರೊಟ್ಟಿಯೂ ಅವರ ಜೊತೆಗೇ. ನಾನು ಜೀಪಿನಲ್ಲಿ ಒಬ್ಬನೇ ಕೂತು ಉಪ್ಪಿನಕಾಯಿ ತೀರಿಸಿದೆ. ತೀರಿದ ದಿನ ಕಂಪ್ಲಿ ಕಡೆ ಹೋಗುವ ಮನಸ್ಸಾಯಿತು. ಕೀಲಿ ಒಪ್ಪಿಸಿ, ಹೇಳಿ ಹೋಗೋಣವೆಂದು ಶಾಲೆಯ ತನಕ ಬಂದೆ. ಆಟ ನಡೆದಿತ್ತು, ಕರೆಯಲಿಲ್ಲ. ಬೇವಿನ ಮರದಡಿ ಸಡಿಲಾದ ಹಾಸಿಗೆಯ ಸುರುಳಿಗೆ ಹಗ್ಗ ಬಿಗಿಯುತ್ತಿದ್ದೆ. ಬಂಡಿ ಬಂದು ನಿಂತಿತು, ಹಿಂದೆ ಇಡೀ ಕ್ಲಾಸು.

ಅವಳು ನನ್ನನ್ನೂ ಹಾಸಿಗೆಯನ್ನೂ ನೋಡಿದಳು.

"ಒಬ್ಬನೇ ಓಡಾಕ ಹತ್ತೀಯಲ್ಲ ಮಾಮ, ಆಪರೇಷನ್ ಜೀಪು ಬಂತೇನು?"