ಟ್ರೀನಾಳ ಮೂರನೆಯ ಗುಂಡು

"ಈ ಶನಿವಾರ ಕಾಡಿಗೆ ಹೋಗೋಳು ನಾನು, ಮಗು ನೋಡ್ಕೊಳ್ಳೋನು ನೀನು!" ಎಂದು ಟ್ರೀನಾ ಅಡುಗೆಮನೆಯಲ್ಲಿ ರಣಕಹಳೆ ಊದಿದಳು. ಹ್ಯಾಟಿ ಹುಟ್ಟಿ ಹತ್ತು ತಿಂಗಳಾಗಿತ್ತು. ಅಂದಿನಿಂದ ಒಂದೇ ಒಂದು ಬೆಳಗೂ ಅವಳದಾಗಿರಲಿಲ್ಲ. ಓಹಿಯೋದ ಆ ಗುಡ್ಡಗಳಲ್ಲಿ ನಳಿಗೆಯ ಬಾಯಿಂದ ಮದ್ದು, ಗುಂಡು ತುಂಬುವ ಕೇಪಿನ ಕೋವಿಯ ಬೇಟೆಗೆ ಜನವರಿಯಲ್ಲಿ ಇರುವುದೇ ನಾಲ್ಕು ದಿನ. ಕಳೆದ ವರ್ಷ ಗಂಡ ವೇಡ್ ನಾಲ್ಕೂ ದಿನ ಹೋಗಿ, ನಾಲ್ಕು ಜಿಂಕೆಗಳಿಗೆ ಗುರಿಯಿಟ್ಟು, ನಾಲ್ಕು ಮರಗಳನ್ನು ಗಾಯಗೊಳಿಸಿ ಬಂದಿದ್ದ!

"ಕೋವೀನೇ ಸರಿಯಿಲ್ಲ ಕಣೇ," ಎಂದ ವೇಡ್.

"ಕೋವಿಗೇನು ರೋಗ? ಗುಂಡಿಗೆ ತೊಡಿಸೋ ಅಂಗಿ ಅಳತೆಯದಲ್ಲ! ಕೈಗೆ ಸಿಕ್ಕಿದ್ದನ್ನ ತುರುಕ್ತೀಯ. ಹ್ಯಾಟಿಗೆ ಚಡ್ಡಿ ಹಾಕೋದೂ ಹಾಗೇ!"

ಪಂದ್ಯ ಗೊತ್ತಾಯಿತು. ನೂರು ಹೆಜ್ಜೆ ದೂರದ ಹಲಗೆಗೆ ಮೂರು ಮೂರು ಗುಂಡು. ಮೂರನ್ನೂ ಒತ್ತಾಗಿ ಹೊಡೆದವರಿಗೆ ಶನಿವಾರ.

ಸ್ಯಾಬೋ ಎಂಬ ಆ ಪ್ಲಾಸ್ಟಿಕ್ ಅಂಗಿಗಳನ್ನು ಟ್ರೀನಾ ಮೂರು ದಿನ ಗುಂಡುಗಳಿಗೆ ತೊಡಿಸಿ, ಹೊಡೆದು ನೋಡಿದಳು. ಹಳದಿಯದು ಸಡಿಲ, ಗುಂಡು ಅಡ್ಡಾದಿಡ್ಡಿ. ಕಪ್ಪನೆಯದು ಎಷ್ಟು ಬಿಗಿಯೆಂದರೆ, ಗುಂಡು ತಳ್ಳುವ ಗಜಕ್ಕೆ ಮೈಭಾರವೆಲ್ಲ ಹಾಕಿದರೂ ನಳಿಗೆಯೊಳಗೆ ಇಳಿಯದು. ನೀಲಿಯದು ಮಾತ್ರ ಮಗುವಿನ ಕಾಲ್ಚೀಲದಂತೆ ಹಿತವಾಗಿ ಕೂತಿತು. ಎಲ್ಲವೂ ದಿನಚರಿಗೆ ಏರಿತು, ಹ್ಯಾಟಿಯ ಹಾಲು ನಿದ್ದೆಗಳ ಪಕ್ಕದಲ್ಲೇ.

ಶುಕ್ರವಾರ ವೇಡ್‌ನ ಮೂರು ಗುಂಡುಗಳು ಊಟದ ತಟ್ಟೆಯಗಲಕ್ಕೆ ಹರಡಿದವು. ಟ್ರೀನಾಳ ಮೊದಲೆರಡು ಒಂದಕ್ಕೊಂದು ಮುತ್ತಿಟ್ಟು ಕೂತವು! ಮೂರನೆಯದಕ್ಕೆ ನಳಿಗೆ ಒರೆಸುತ್ತಿದ್ದಾಗ ಹಿಂದೆ ನಿಲ್ಲಿಸಿದ್ದ ಟ್ರಕ್ಕಿನಲ್ಲಿ ಅಪ್ಪನ ಜೊತೆಗಿದ್ದ ಹ್ಯಾಟಿ ರಾಗ ತೆಗೆದಳು.

"ಇವಳ ಬಾಟ್ಲಿ ಎಲ್ಲೇ?" ವೇಡ್ ಕೂಗಿದ.

"ನಿನ್ನ ಮೂಗಿನ ಕೆಳಗೇ ಇದೆ! ಇರು, ಬಂದೆ. ಹಾಲಿನ ಪುಡಿ ಕಲಸೋಕೂ ನಾನೇ ಬೇಕು!"

ಬಾಟಲಿಯನ್ನು ಅವನ ಕೈಗೆ ಬಡಿದು ಬಂದಳು. ಉರಿಯುತ್ತಲೇ ಗುಂಡು ತಳ್ಳಿದಳು, ಉರಿಯುತ್ತಲೇ ದಿನಚರಿಯಲ್ಲಿ ಗೀಚಿದಳು, ಕೇಪು ಇಟ್ಟು ಕೋವಿಯ ಕುದುರೆ ಎಳೆದಳು.

ಟಪ್!

ಅಷ್ಟೇ. ಹೊಗೆಯಿಲ್ಲ, ಗುಡುಗಿಲ್ಲ. ಸ್ವಲ್ಪ ಹೊತ್ತು ಕಾದು, ಹಾಲು ಕುಡಿದ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದ ವೇಡ್ ನಳಿಗೆಯ ಹಿಂದಿನ ತಿರುಪು ಬಿಚ್ಚಿದ. ನೀಲಿ ಅಂಗಿಯ ಗುಂಡು ಮದುಮಗನಂತೆ ಶುಭ್ರವಾಗಿ ಹೊರಬಂತು.

"ಒಂದು ಕಾಳು ಮದ್ದೂ ಇಲ್ವಲ್ಲೇ!"

"ನಿಂದೇ ಕಿತಾಪತಿ! ಶನಿವಾರ ಕೈತಪ್ಪುತ್ತೆ ಅಂತ ಮದ್ದು ಉದುರಿಸಿದ್ದೀಯ! ಅಳೆದು ಹಾಕಿದೀನಿ ನಾನು. ನಿನ್ನ ಹಾಗೆ ಮರೆಗುಳಿ ಅಲ್ಲ, ಬರೆದಿಟ್ಟಿದೀನಿ. ಓದು!" ದಿನಚರಿಯನ್ನು ಅವನ ಮುಖಕ್ಕೇ ಹಿಡಿದಳು.

ವೇಡ್ ಗಂಟಲು ಸರಿಮಾಡಿಕೊಂಡ. "ಮೂರನೆಯದು. ನಳಿಗೆ ಒರೆಸಿದೆ. ಪುಡಿ ಅಳೆದೆ, ನಾಲ್ಕು ಚಮಚ, ಬೆಚ್ಚಗಿನ ನೀರಿಗೆ. ಗುಂಡು ತಳ್ಳಿದೆ."

ಅಪ್ಪನ ಹೆಗಲ ಮೇಲಿಂದ ಹ್ಯಾಟಿ ಕೋವಿಯೂ ನಾಚುವಂಥ ತೇಗು ಬಿಟ್ಟಳು.

ಹಾರದ ಗುಂಡಿನಿಂದ ಪಂದ್ಯ ವೇಡ್‌ನದಾಯಿತು; ಶನಿವಾರ ಬೆಳಿಗ್ಗೆ ಅವನೇ ಹೊರಟ, ಜೇಬಿನ ತುಂಬ ಅವಳ ನೀಲಿ ಅಂಗಿಗಳು. ಟ್ರೀನಾ ಮಗುವನ್ನೆತ್ತಿಕೊಂಡು, ಹಲ್ಲು ಕಡಿಯುತ್ತ ಬಾಗಿಲಿಗೆ ಬಂದಳು. ಆದರೂ ಮನಸ್ಸು ತಡೆಯಲಿಲ್ಲ.

"ಮೊದಲು ಮದ್ದು ಹಾಕು, ಆಮೇಲೆ ಗುಂಡು!"

ವೇಡ್ ತಿರುಗಿ ನಿಂತು ಬಲು ವಿನಯದಿಂದ ಕೇಳಿದ:

"ಎಷ್ಟು ಚಮಚ?"