ಹೊಗೆಕೊಳವೆಯ ಮೇಲಿನ ಗಡಿಗೆ

ಓದಿದವರ ಮನೆಯಲ್ಲಿ ಎಲ್ಲವೂ ನೆಟ್ಟಗಿರುತ್ತದೆ ಎಂದು ಓದದವರು ನಂಬಿರುತ್ತಾರೆ. ಆ ನಂಬಿಕೆ ಕೆಡದಿರಲೆಂದೇ ಓದಿದವರು ಬಾಗಿಲು ಮುಂದೆ ಮಾಡಿಕೊಂಡು ಬದುಕುತ್ತಾರೆ. ನಾನೂ ಹಾಗೆಯೇ ಬದುಕಬಹುದಿತ್ತು. ಆದರೆ ನಾನು ಮನೆಗೆ ಹೊಗೆಕೊಳವೆ ಹಾಕಿಸಿದೆ. ಬಾಗಿಲು ಹಾಕಿಕೊಂಡವನ ಸಂಗತಿಯನ್ನು ಮಾಳಿಗೆಯ ಮೇಲೆ ನಿಂತು ಊರಿಗೆಲ್ಲ ಸಾರುವ ವಸ್ತು ಅದು ಎಂಬುದು ನನ್ನ ಪುಸ್ತಕಗಳಲ್ಲಿ ಎಲ್ಲೂ ಇರಲಿಲ್ಲ. ನಾನು ಬಿ.ಎ. ಪಾಸಾದವನು, ನಮ್ಮ ಮನೆತನದಲ್ಲಿ ಮೊದಲನೆಯವನು. ಇದನ್ನು ಮಾತುಮಾತಿಗೆ ಹೇಳುತ್ತೇನೆಂದು ಶಾಲೆಯ ಉಳಿದ ಮಾಸ್ತರರು ಮುಸಿಮುಸಿ ನಗುತ್ತಾರೆ. ನಗಲಿ. ಅವರ ಮನೆಯಲ್ಲಿ ಅಜ್ಜಂದಿರ ಪಟಗಳೇ ಗೋಡೆಯ ಮೇಲಿಂದ ಹೇಳುತ್ತವೆ, ಅವರು ಬಾಯಿ ತೆರೆಯಬೇಕಾಗಿಲ್ಲ. ನಮ್ಮ ಗೋಡೆಯ ಮೇಲೆ ಮಸಿ ಬಿಟ್ಟು ಬೇರೇನೂ ಇರಲಿಲ್ಲ. ನಾನು ಹೇಳದಿದ್ದರೆ ಇನ್ನಾರು ಹೇಳಬೇಕು?

ಆ ಮಸಿಯ ಮಾತಿಗೇ ಬರುತ್ತೇನೆ. ನಮ್ಮಪ್ಪ ಕಂಪ್ಲಿಯಲ್ಲಿ ಒಬ್ಬ ಧಣಿಯ ಆಲೆಮನೆಯಲ್ಲಿ ಕಬ್ಬಿನ ಸಿಪ್ಪೆಯನ್ನು ಒಲೆಗೆ ತುರುಕುತ್ತಿದ್ದ. ಒಲೆ ಆರಿದ ಮೇಲೆ ಜೋನಿಬೆಲ್ಲದ ಗಡಿಗೆಗಳನ್ನು ತಲೆಯ ಮೇಲೆ ಹೊತ್ತು ಧಣಿಯ ಮನೆಗೆ ಮುಟ್ಟಿಸುತ್ತಿದ್ದ. ಹಗಲೆಲ್ಲ ಅಪ್ಪ ಅಲ್ಲಿ ಹೊಗೆ ಕುಡಿಯುತ್ತಿದ್ದ, ಬೆಳಿಗ್ಗೆ ಸಂಜೆ ಅವ್ವ ಮನೆಯ ಒಲೆಯ ಮುಂದೆ ಕುಡಿಯುತ್ತಿದ್ದಳು. ಗಂಡಹೆಂಡಿರು ಕೂಡಿ ಕುಡಿದ ಹೊಗೆಯಲ್ಲಿ ನಾನು ಓದಿದೆ. ಅಪ್ಪ ತೀರಿಕೊಂಡ ಮೇಲೆ ಅವ್ವ ಕೂಲಿ ಮಾಡಿ ನನ್ನನ್ನು ಮದರಾಸಿನವರೆಗೆ ಓದಿಸಿದಳು. ಯಾರಾದರೂ "ಯಾಕ ಬೇ, ಮಗನ್ನ ದುಡಿಯಾಕ ಹಚ್ಚಬಾರ್ದಾ?" ಎಂದರೆ ಅವಳ ಉತ್ತರ ಒಂದೇ: "ಅವರಪ್ಪ ಮಂದಿ ಗಡಿಗಿ ಹೊತ್ತ. ಇಂವಾ ಹೊರಬಾರ್ದು." ನಾನು ಆಗಲೇ ಮನಸ್ಸಿನಲ್ಲಿ ಮಾತು ಕೊಟ್ಟುಕೊಂಡಿದ್ದೆ. ನನಗೆ ನೌಕರಿ ಸಿಕ್ಕ ದಿನದಿಂದ ಅವ್ವ ಒಲೆಯ ಮುಂದೆ ಕಣ್ಣೊರೆಸಬಾರದು.

ನೌಕರಿ ಹೊಸಪೇಟೆಯಲ್ಲಿ ಸಿಕ್ಕಿತು, ಹೈಸ್ಕೂಲಿನಲ್ಲಿ. ಮನೆ ಸಿಗಲಿಲ್ಲ. ಈ ಊರಲ್ಲಿ ಬಿ.ಎ.ಗೆ ಭಾಳ ಮರ್ಯಾದೆ. ಹೆಸರು ಕೇಳುತ್ತಾರೆ, ಬಿ.ಎ. ಎಂದ ಕೂಡಲೇ ಕೈ ಮುಗಿಯುತ್ತಾರೆ, ಆಮೇಲೆ ಊರು ಕೇಳುತ್ತಾರೆ, ಊರಾದ ಮೇಲೆ ಕೇರಿ ಕೇಳುತ್ತಾರೆ, ಕೇರಿ ಗೊತ್ತಾದ ಮೇಲೆ ಮನೆ ಖಾಲಿ ಇಲ್ಲ ಎನ್ನುತ್ತಾರೆ. ಕೊನೆಗೆ ಒಬ್ಬ ನಿವೃತ್ತ ಶಿರಸ್ತೇದಾರರು ತಮ್ಮ ಮನೆಗೆ ತಾಗಿದ ಸಣ್ಣ ಮನೆ ಕೊಟ್ಟರು. ಅವರ ಮೊಮ್ಮಗ ಲೆಕ್ಕದಲ್ಲಿ ಹಿಂದೆ ಬಿದ್ದಿದ್ದ. ವಿದ್ಯೆ ಎಲ್ಲರನ್ನೂ ಸಮ ಮಾಡುತ್ತದೆ ಎನ್ನುತ್ತಾರಲ್ಲ, ಅದು ಸುಳ್ಳು. ಸಮ ಮಾಡುವುದು ಭಿನ್ನರಾಶಿ.

ಆ ಮನೆಯ ಅಡುಗೆಕೋಣೆಗೆ ಇದ್ದದ್ದು ಮಾಳಿಗೆಯಲ್ಲಿ ಒಂದು ಗವಾಕ್ಷಿ ಮಾತ್ರ. ಅದು ಬೆಳಕು ಒಳಗೆ ಬಿಡುವುದಕ್ಕೋ ಹೊಗೆ ಹೊರಗೆ ಬಿಡುವುದಕ್ಕೋ ಎಂದು ಕಟ್ಟಿದವನಿಗೇ ಗೊತ್ತಿರಲಿಲ್ಲ, ಹಾಗಾಗಿ ಎರಡನ್ನೂ ಮಾಡುತ್ತಿರಲಿಲ್ಲ. ನಾನು ಮದರಾಸಿನಲ್ಲಿ ಪದವಿಯ ಟೊಪ್ಪಿಗೆ, ನಿಲುವಂಗಿ ತೊಟ್ಟು ತೆಗೆಸಿದ ಪಟವನ್ನು ಅವ್ವ ತನ್ನ ಕಣ್ಣ ಮುಂದಿರಲೆಂದು ಒಲೆಯ ಮೇಲಿನ ಗೋಡೆಗೆ ನೇತುಹಾಕಿದ್ದಳು. ನಿಲುವಂಗಿ ಮೊದಲೇ ಕರಿದು, ಮುಖವೂ ಮೊದಲೇ ಕರಿದು. ಮಳೆಗಾಲ ಮುಗಿಯುವಷ್ಟರಲ್ಲಿ ಪಟದಲ್ಲಿ ಉಳಿದದ್ದು ಎರಡು ಕಣ್ಣು. ಅವ್ವ ಅದನ್ನು ಸೆರಗಿನಿಂದ ಒರೆಸುವಳು, ಅದೇ ಸೆರಗಿನಿಂದ ತನ್ನ ಕಣ್ಣನ್ನೂ ಒರೆಸಿಕೊಳ್ಳುವಳು. ಕೆಮ್ಮು ಬೇರೆ. ಒಂದು ಸಲ ಹುಡುಗರನ್ನು ಹಂಪಿಗೆ ಕರೆದುಕೊಂಡು ಹೋಗಿದ್ದೆ. ಅವರು ಕಲ್ಲಿನ ಕಂಬಗಳನ್ನು ನೋಡುತ್ತಿದ್ದರೆ ನಾನು ಹೊಗೆ ಹೋಗುವ ದಾರಿ ಹುಡುಕುತ್ತಿದ್ದೆ. ಅಷ್ಟು ಜನಕ್ಕೆ ಅಡುಗೆ ಬೇಯಿಸಿದ ಹೆಂಗಸರು ಎಲ್ಲಿ ಕೂತು ಊದಿದರೋ, ಒಂದು ಗುರುತಿಲ್ಲ. ಆನೆಗಳು ನಿಲ್ಲುವ ಲಾಯಕ್ಕೆ ಮಾತ್ರ ಸಾಲಾಗಿ ಗುಮ್ಮಟ. ಆನೆಗೆ ಗುಮ್ಮಟ, ಅಡುಗೆಯವಳಿಗೆ ಒಂದು ತೂತೂ ಇಲ್ಲ. ಇತಿಹಾಸದ ಪಾಠ ಮಾಡುವಾಗ ಇದನ್ನು ಹೇಳಿದೆ. ಇನ್‌ಸ್ಪೆಕ್ಟರು ಬಂದಾಗ ಹೇಳಬೇಡಿ ಎಂದರು ಹೆಡ್‌ಮಾಸ್ತರರು.

ಸಂಡೂರಿನ ಗುಡ್ಡದ ಮೇಲೆ ಬಿಳಿಯ ದೊರೆಗಳು ಬಿಟ್ಟುಹೋದ ಒಂದು ಪಾಳು ಬಂಗಲೆಯಿಂದ ಇಳಿಸಿದ ಕಬ್ಬಿಣದ ಕೊಳವೆಗಳು ಅಲ್ಲಿನ ಸಂತೆಯಲ್ಲಿ ಸಿಕ್ಕವು. ಕಟ್ಟಿಗೆಯ ಬಂಡಿಯ ಮೇಲೆ ಹೇರಿಸಿ ತಂದೆ. ಶಿರಸ್ತೇದಾರರು "ಮಾಳಿಗಿ ಸೋರಿದ್ರ ನೀವ ಜವಾಬ್ದಾರ್ರು ನೋಡ್ರಿ" ಎಂದು ಒಪ್ಪಿಗೆ ಕೊಟ್ಟರು. ಗೌಂಡಿ ಹುಸೇನಸಾಬ ಕೊಳವೆ ನೋಡಿ, "ಮಾಸ್ತರ್ ಸಾಬ್, ಮನ್ಯಾಗ ರೈಲಿನ ಇಂಜಿನ್ ಕುಂದ್ರಸ್ತೀರೇನ್ರಿ?" ಎಂದ. "ಅವ್ವಗ ಗಾಡಿ ತಪ್ಪಬಾರ್ದು ನೋಡು" ಎಂದೆ. ಆಮೇಲೆ ನನ್ನ ಪಾಂಡಿತ್ಯವನ್ನೆಲ್ಲ ಅವನ ಮೇಲೆ ಸುರಿದೆ. ಕಾದ ಕೊಳವೆ ಮಾಳಿಗೆಯ ಮರಕ್ಕೆ ತಾಗಕೂಡದು. ತೊಲೆಗೂ ಜಂತಿಗೂ ದೂರವಾಗಿ, ಸುತ್ತ ಇಟ್ಟಿಗೆ ಮಣ್ಣಿನ ಕಟ್ಟು ಕೊಟ್ಟು ಹಾಯಿಸಬೇಕು, ಇಲ್ಲವಾದರೆ ಒಂದು ದಿನ ಅನ್ನದ ಜೊತೆ ಮನೆಯೂ ಬೇಯುತ್ತದೆ. ಒಲೆಯ ಬಾಯಿ ಅಗಲ ಬೇಡ. ಹಸಿ ಕಟ್ಟಿಗೆ ಬೇಡ. ಕೊಳವೆಯೊಳಗೆ ಮಸಿ ಗಟ್ಟಿಯಾದರೆ ಅದಕ್ಕೇ ಕಿಡಿ ಹತ್ತುತ್ತದೆ, ಹಾಗಾಗಿ ಹಗ್ಗಕ್ಕೆ ತೆಂಗಿನ ನಾರಿನ ಉಂಡೆ ಕಟ್ಟಿ ಮೇಲಿಂದ ಇಳಿಬಿಟ್ಟು ಉಜ್ಜುತ್ತಿರಬೇಕು. ಹುಸೇನಸಾಬ ಹೇಳಿದ್ದನ್ನೆಲ್ಲ ಮಾಡಿದ, ನಡುನಡುವೆ "ಹಾಂ ಜೀ, ಇಂಜಿನ್ ಮಸ್ತ್ ಆತು" ಎನ್ನುತ್ತ.

ಮೊದಲ ದಿನ ಹೊಗೆ ಅರ್ಧ ದಾರಿ ಹೋಗಿ ವಾಪಸು ಬಂತು. ಪಡುವಣ ಗಾಳಿ ಬೀಸಿದಾಗಲೆಲ್ಲ ಶಿರಸ್ತೇದಾರರ ಎತ್ತರದ ಗೋಡೆಗೆ ಬಡಿದು ತಿರುಗಿ ನಮ್ಮ ಗಿಡ್ಡ ಕೊಳವೆಯೊಳಗೇ ನುಗ್ಗುತ್ತಿತ್ತು. ಎತ್ತರ ಸಾಲದು ಎಂದು ನಾನು ತೀರ್ಮಾನಿಸಿದೆ, ಉಳಿದಿದ್ದ ಕೊಳವೆಯನ್ನೂ ಸೇರಿಸಿ ಪಕ್ಕದ ಮಾಳಿಗೆಯ ಮಟ್ಟಕ್ಕಿಂತ ಮೇಲೆ ಎತ್ತಿಸಿದೆ. ಎಳೆಯಿತು ನೋಡಿ! ಜಾಲಿ ಕಟ್ಟಿಗೆ ಹೊತ್ತಿದ ಮರುಕ್ಷಣ ಹೊಗೆಯೆಲ್ಲ ಸುರ್ರನೆ ಮೇಲಕ್ಕೆ ಹೋಯಿತು. ಅವ್ವ ಊದುಗೊಳವೆ ಕೈಯಲ್ಲಿ ಹಿಡಿದು ಏನು ಮಾಡಬೇಕೆಂದು ತಿಳಿಯದೆ ಕೂತಳು. "ಹೊಗಿ ಎಲ್ಲಿ ಹೋತೋ?" ಎಂದಳು. "ಮ್ಯಾಲ ಹೋತವ್ವ." "ಅಯ್ಯ ಶಿವನ! ನನಗ ಈ ಮನಿ ಇಷ್ಟು ದೊಡ್ಡದೈತಿ ಅಂತ ಗೊತ್ತ ಇರ್ಲಿಲ್ಲ." ಅವ್ವ ಆ ಹೊತ್ತು ರೊಟ್ಟಿ ತಟ್ಟುತ್ತ ಹಾಡು ಗುನುಗಿದಳು. ನನ್ನ ಪದವಿಗೆ ಬೆಲೆ ಬಂದ ದಿನ ಅದೊಂದೇ. ಬೇರೆ ದಿನ ಇದ್ದರೆ ನನಗೆ ತಿಳಿಸಿದವರಿಲ್ಲ.

ಎರಡು ಮೂರು ದಿನಕ್ಕೇ ಶಿರಸ್ತೇದಾರರು ಕರೆಸಿದರು. "ಬರ್ರಿ ಮಾಸ್ತರ, ಕುಂದ್ರಿ" ಎಂದು ಕಟ್ಟೆಯ ಹೊರ ಅಂಚು ತೋರಿಸಿದರು. ನಾನು ಅವರ ಮೊಮ್ಮಗನಿಗೆ ಪಾಠ ಹೇಳುವುದೂ ಆ ಅಂಚಿನಲ್ಲೇ. "ನಿಮ್ಮ ಹೊಗಿ ನಮ್ಮ ಮಡಿಗೆ ತಾಕ್ತದ" ಎಂದರು. ಅವರ ಮನೆಯವರು ಒಗೆದು, ಯಾರೂ ಮುಟ್ಟದಂತೆ, ಪೂಜೆಗೆ ಉಡುವ ಬಟ್ಟೆಗಳನ್ನು ಒಣಹಾಕುತ್ತಿದ್ದುದು ಆ ಎತ್ತರದ ಮಾಳಿಗೆಯ ಮೇಲೆ. ನಾನು ಲೆಕ್ಕ ಹಾಕಿ, ಗಾಳಿ ನೋಡಿ, ಶಾಸ್ತ್ರೋಕ್ತವಾಗಿ ನಮ್ಮ ಹೊಗೆಯನ್ನು ಅದೇ ಮಟ್ಟಕ್ಕೆ ಮುಟ್ಟಿಸಿದ್ದೆ.

"ಹೊಗಿ ಅಂದ್ರ ಬರೇ ಕಾದ ಗಾಳಿರೀ, ಸ್ವಲ್ಪ ಇದ್ದಲಿ ಪುಡಿ" ಎಂದೆ.

"ಅದು ಏನು ಅಂಬೋದು ನನಗೂ ಗೊತ್ತದ. ಎಲ್ಲಿಂದ ಬರ್ತದ ಅಂಬೋದೂ ಗೊತ್ತದ."

"ಇಷ್ಟು ದಿನಾನೂ ಗವಾಕ್ಷಿಯಿಂದ ಬರ್ತಿತ್ತಲ್ರಿ?"

"ಬರ್ತಿದ್ದೀತು. ಕಾಣ್ತಿರ್ಲಿಲ್ಲ."

ಆ ಹೊಗೆ ನಮ್ಮವ್ವನ ಎದೆಯೊಳಗೆ ಇದ್ದಷ್ಟು ದಿನ ಯಾರ ಮಡಿಯೂ ಕೆಟ್ಟಿರಲಿಲ್ಲ. ಶಿರಸ್ತೇದಾರರು ಕೆಟ್ಟವರಲ್ಲ, ದನಿ ಏರಿಸಿದವರೇ ಅಲ್ಲ. "ಕೊಳವಿ ಕಿತ್ತು ಹಾಕ್ರಿ ಅಂತ ನಾ ಅನ್ನಂಗಿಲ್ಲ. ಪಾಪ, ನಿಮ್ಮ ತಾಯಿ ವಯಸ್ಸಾದವರು. ಮುಂಜಾನೆ ನಮ್ಮ ಮಡಿ ಒಣಗೋತನಕ ಅದರ ಬಾಯಿಗೆ ಒಂದು ಗಡಿಗಿ ಬೋರಲ ಹಾಕ್ರಿ, ಆಮ್ಯಾಲ ತಗೀರಿ. ಇಬ್ಬರಿಗೂ ಅನುಕೂಲ" ಎಂದರು. ಬೆಳಗಿನ ಅಡುಗೆ ತಡಮಾಡೋಣವೆಂದರೆ ಶಾಲೆಯ ಗಂಟೆ ಕಾಯುವುದಿಲ್ಲ. ಮನೆ ಬಿಡೋಣವೆಂದರೆ ಹೆಸರು, ಊರು, ಕೇರಿ ಮತ್ತೆ ಮೊದಲಿನಿಂದ ಹೇಳಬೇಕು. ನಾನು ಬಿ.ಎ., ವಾದ ಮಾಡುವುದಕ್ಕೇ ಓದಿದವನು, "ಆಗ್ಲಿ ಸ್ವಾಮಿ" ಎಂದೆ. ಆ ಎರಡು ಶಬ್ದ ನನ್ನ ಬಾಯಿಗೆ ಎಷ್ಟು ಸಲೀಸಾಗಿ ಬಂದವೆಂದರೆ, ಮದರಾಸಿನಲ್ಲಿ ಕಲಿತದ್ದಲ್ಲ ಅದು, ಅಪ್ಪನಿಂದ ಬಂದದ್ದು ಎಂದು ಆಗಲೇ ತಿಳಿಯಿತು. ಅವನು "ಆಗ್ಲಿ ಧಣಿ" ಎನ್ನುತ್ತಿದ್ದ, ಅಷ್ಟೇ ವ್ಯತ್ಯಾಸ. ಗೋಡೆಯ ಆಚೆ ಅವ್ವ ಪಾತ್ರೆ ತಿಕ್ಕುವ ಸದ್ದು ಆ ಕ್ಷಣ ನಿಂತಿತ್ತು.

ಮನೆಗೆ ಬಂದಾಗ ಅವಳು ಗಡಿಗೆಯನ್ನು ತೊಳೆದು ಸಿದ್ಧ ಇಟ್ಟಿದ್ದಳು. "ಇರ್ಲಿ ಬಿಡಪ್ಪ, ಹೊಗಿ ನನಗೇನು ಹೊಸಾದಾ?" ಎಂದಳು. "ನಾ ಏರಿ ಮುಚ್ಚತೀನಿ, ನೀ ಹೊರಬ್ಯಾಡ." ಮೊಣಕಾಲು ಹಿಡಿದು ಏಳುವವಳು ಏಣಿ ಹತ್ತುತ್ತಾಳಂತೆ. ಗಡಿಗೆಯನ್ನು ಅವಳ ಕೈಯಿಂದ ನಾನೇ ಕಿತ್ತುಕೊಂಡೆ.

ಅಂದಿನಿಂದ ಇದು ನನ್ನ ದಿನಚರಿ. ಪಕ್ಕದ ಮಾಳಿಗೆಯ ಮೇಲೆ ಮಡಿ ಹರಡುವ ಸದ್ದು ಕೇಳಿದ ಕೂಡಲೇ ಗಡಿಗೆಯನ್ನು ಹೆಗಲಿಗೇರಿಸಿ ಏಣಿ ಹತ್ತುತ್ತೇನೆ. ಬಾಯಿ ಕಟ್ಟಿದ ಕೊಳವೆ ಕೊಲ್ಲುವ ಕೊಳವೆ, ಆ ವಿಷದ ಗಾಳಿ ಕಣ್ಣಿಗೆ ಕಾಣುವುದೂ ಇಲ್ಲ. ಆದ್ದರಿಂದ ಹತ್ತುವ ಮೊದಲು ಗವಾಕ್ಷಿಯನ್ನೂ ಹಿತ್ತಲ ಬಾಗಿಲನ್ನೂ ತೆರೆದಿದ್ದೇನೆಯೇ ಎಂದು ನೋಡುತ್ತೇನೆ. ಕೆಳಗೆ ಅವ್ವ ಕೆಮ್ಮುವುದು ಮಾಳಿಗೆಗೂ ಕೇಳುತ್ತದೆ. ಬೀದಿಯವರಿಗೆ ನಾನು ಗಡಿಯಾರವಾಗಿದ್ದೇನೆ. "ಮಾಸ್ತರ್ರು ಮಾಳಿಗಿ ಏರಿದ್ರು, ಏಳ್ರಲೇ ಶಾಲಿಗೆ" ಎಂದು ಮಕ್ಕಳನ್ನು ಎಬ್ಬಿಸುತ್ತಾರೆ. ಹಾಲಿನ ಈರಮ್ಮ ಕೆಳಗೆ ನಿಂತು, "ಏನ್ರೀ ಮಾಸ್ತರ, ನಿಮ್ಮ ಒಲಿಗೂ ಬಿ.ಎ. ಆತೇನು? ಟೊಪಿಗಿ ಹಾಕೀರಲ್ಲ!" ಎಂದಳು. ಬೀದಿಯೆಲ್ಲ ನಕ್ಕಿತು. ನಾನೂ ನಕ್ಕೆ. ಏಣಿಯ ಮೇಲೆ ಗಡಿಗೆ ಹಿಡಿದು ನಿಂತವನು ನಗದೆ ಇನ್ನೇನು ಮಾಡಿಯಾನು?

ಮೊನ್ನೆ ಶಿರಸ್ತೇದಾರರ ಮನೆಯವರೆಲ್ಲ ಮದುವೆಗೆಂದು ಬಳ್ಳಾರಿಗೆ ಹೋದರು. ಮಾಳಿಗೆಯ ಮೇಲೆ ಮಡಿ ಇರಲಿಲ್ಲ. ನಾನು ಬೆಳಿಗ್ಗೆ ಅಭ್ಯಾಸಬಲದಿಂದ ಗಡಿಗೆ ಎತ್ತಿ ಹೆಗಲಿಗೇರಿಸಿ, ಏಣಿಗೆ ಕಾಲಿಟ್ಟು, ಅರ್ಧ ಹತ್ತಿದ ಮೇಲೆ ನೆನಪಾಗಿ ನಗುತ್ತ ಇಳಿದೆ. ಅಡುಗೆಕೋಣೆಗೆ ಹೋಗಿ ನೋಡಿದರೆ ಒಲೆ ಚೆನ್ನಾಗಿ ಉರಿಯುತ್ತಿತ್ತು, ಕೊಳವೆ ಹೊಗೆಯನ್ನು ಚೂರೂ ಬಿಡದೆ ಎಳೆಯುತ್ತಿತ್ತು. ಗೋಡೆಯ ಮೇಲಿನ ಪಟದಲ್ಲಿ ನನ್ನ ಎರಡು ಕಣ್ಣುಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಅವ್ವ ಬಾಗಿಲ ಕಡೆ ಮುಖ ಮಾಡಿ ಕೂತಿದ್ದಳು. ಅಲ್ಲಿಂದ ಏಣಿ ನೇರವಾಗಿ ಕಾಣುತ್ತದೆ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಯಾಕವ್ವ?" ಎಂದೆ. ಗಡಿಗೆ ಇನ್ನೂ ನನ್ನ ಹೆಗಲ ಮೇಲೆಯೇ ಇತ್ತು.

"ಏನಿಲ್ಲಪ್ಪ, ಹೊಗಿ" ಎಂದಳು.

ಕಾದ ಗಾಳಿ ಮೇಲೇರುತ್ತದೆ, ಅದರ ಸಂಗಡ ಹೊಗೆಯೂ ಏರುತ್ತದೆ ಎಂದು ಹೈಸ್ಕೂಲಿನಲ್ಲಿ ವರ್ಷವರ್ಷವೂ ಕಲಿಸುವವನು ನಾನು. ಹೊಗೆಯೇ ಇಲ್ಲದ ಕೋಣೆಯಲ್ಲಿ ಹೊಗೆ ಇದೆಯೆಂದರೆ ಹುಡುಗರಿಗೆ ಸೊನ್ನೆ ಹಾಕುತ್ತೇನೆ.

"ಹೌದವ್ವ," ಎಂದೆ, "ಪಡುವಣ ಗಾಳಿ ಬಿಟ್ಟೈತಿ."

ಹೊರಗೆ ಒಂದು ಎಲೆಯೂ ಅಲುಗುತ್ತಿರಲಿಲ್ಲ.